ಸಿ ಸಬ್‌ಟೈಪ್ ಎಚ್‌ಐವಿಗೂ ಐಪಿಡಿಎ: ನನ್ನ ಅನುಭವ

ಕೋಶದ ಡಿಎನ್‌ಎಯಲ್ಲಿ ಅಡಗಿ ಕೂತ ಎಚ್‌ಐವಿ ಪ್ರತಿಗಳಲ್ಲಿ (ಪ್ರೊವೈರಸ್) ಸರಿಯಿರುವವು ಎಷ್ಟು, ಕೆಟ್ಟವು ಎಷ್ಟು ಅಂತ ಎಣಿಸುವ ಪರೀಕ್ಷೆ ಐಪಿಡಿಎ. ನಮ್ಮ ಸ್ಯಾಂಪಲ್‌ಗಳಿಗೆ ಅದು ಆಗಲ್ಲ, ಸುಮ್ನೆ ದುಡ್ಡು ದಂಡ ಅಂತ ಹೇಳಿದವರೇ ಜಾಸ್ತಿ. ಕಾರಣವೂ ಇತ್ತು. 2019ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸಿಲಿಸಿಯಾನೊ ತಂಡ ಕೊಟ್ಟ ಪ್ರೈಮರ್, ಪ್ರೋಬ್‌ಗಳು (ವೈರಸ್‌ನ ಡಿಎನ್‌ಎಗೆ ಅಂಟಿ ಅದನ್ನು ಗುರುತಿಸುವ ಸಣ್ಣ ತುಣುಕುಗಳು) ಎಚ್‌ಐವಿಯ ಬಿ ಸಬ್‌ಟೈಪ್‌ನವು, ಅಂದರೆ ಬಿ ಉಪವಿಧಕ್ಕೆ ಹೊಂದುವಂಥವು. ಬೆಂಗಳೂರಿನಲ್ಲಿ ನಮಗೆ ಸಿಗುವುದು ಹೆಚ್ಚುಕಮ್ಮಿ ಎಲ್ಲವೂ ಸಿ. ಈ ಪರೀಕ್ಷೆಯಲ್ಲಿ ಡಿಎನ್‌ಎಯನ್ನು ಸಣ್ಣ ಹನಿಗಳಿಗೆ (ಡ್ರಾಪ್ಲೆಟ್) ಹಂಚಿ ವೈರಸ್‌ನ ಸೈ, ಎನ್ವ್ ಎಂಬ ಎರಡು ಗುರುತು ಹುಡುಕುತ್ತೇವೆ; ಎರಡೂ ಒಂದೇ ಹನಿಯಲ್ಲಿ ಸಿಕ್ಕರೆ ಪ್ರೊವೈರಸ್ ಸರಿಯಿದೆ ಅಂತ ಲೆಕ್ಕ. ಅದೇ ಸೆಟ್ ಹಾಕಿದರೆ ಎನ್ವ್ ಡ್ರಾಪ್ಲೆಟ್‌ಗಳು ನೆಗೆಟಿವ್ ಗುಂಪಿಗೆ ಅಂಟಿಕೊಂಡೇ ಕೂತವು. ಎಷ್ಟೋ ವರ್ಷದಿಂದ ಎಆರ್‌ಟಿ (ಎಚ್‌ಐವಿ ಔಷಧಿ, ಅದು ಪ್ರೊವೈರಸ್ಸನ್ನು ಅಳಿಸಲ್ಲ) ತಗೊಳ್ಳುತ್ತಿರುವವರಲ್ಲಿ ಪ್ರೊವೈರಸ್ ಸೊನ್ನೆ ಅಂದರೆ ಯಾರು ನಂಬುತ್ತಾರೆ?

ಕೋಶಗಳನ್ನು ಬೆಳೆಸಿ ಹೊರಬರುವ ವೈರಸ್ ಅಳೆಯುವ ಕ್ಯೂವಿಒಎ ಪರೀಕ್ಷೆಯ ಕಡೆ ಹೋಗುವ ಮನಸ್ಸಿರಲಿಲ್ಲ. ಒಬ್ಬರಿಂದ 120–180 ಮಿ.ಲೀ. ರಕ್ತ ಕೇಳೋಕೆ ನಮಗೆ ಬಾಯಿ ಬರಲ್ಲ. ಮೇಲೆ ವಾರಗಟ್ಟಲೆ ಕಲ್ಚರ್, ಬಿಎಸ್‌ಎಲ್-3 (ಬಿಗಿ ಸುರಕ್ಷತೆಯ ಲ್ಯಾಬ್) ಖರ್ಚು.

ಲಾಸ್ ಅಲಾಮೋಸ್ ಡೇಟಾಬೇಸ್‌ನಿಂದ ಸಿ ಸೀಕ್ವೆನ್ಸ್‌ಗಳನ್ನು ಇಳಿಸಿ ಸೈ, ಎನ್ವ್ ಎರಡನ್ನೂ ಹೊಸದಾಗಿ ಮಾಡಿದೆ. ಹೈಪರ್‌ಮ್ಯುಟೇಶನ್‌ನಿಂದ (ವಿಪರೀತ ರೂಪಾಂತರದಿಂದ) ಕೆಟ್ಟವು ಎಣಿಕೆಗೆ ಬರದಂತೆ ತಡೆಯುವ ಬಣ್ಣವಿಲ್ಲದ ಪ್ರೋಬನ್ನೂ ಬದಲಾಯಿಸಬೇಕು, ಇಲ್ಲದಿದ್ದರೆ ಕೆಟ್ಟ ಪ್ರೊವೈರಸ್ ಒಳ್ಳೆಯದರ ಲೆಕ್ಕಕ್ಕೆ ಸೇರುತ್ತದೆ. ಒಂದೊಂದು ಪ್ರೋಬ್‌ಗೆ ಇಪ್ಪತ್ತು ಸಾವಿರದ ಆಸುಪಾಸು. ಮೊದಲ ಸೆಟ್ ಪೂರ್ತಿ ಕಸಕ್ಕೆ. ಎರಡನೆಯದರಲ್ಲಿ ಗುಂಪುಗಳು ಬಿಡಿಬಿಡಿಯಾಗಿ ನಿಂತವು. ಪ್ರೋಬ್‌ನ ಜಾಗ, ಅನೀಲಿಂಗ್ ತಾಪ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಿಜವಾಗಿ ಕಾಡಿದ್ದು ಡಿಎನ್‌ಎ ತುಂಡಾಗುವುದು. ಎರಡು ಗುರುತುಗಳ ನಡುವೆ ಸುಮಾರು 7 ಕೆಬಿ (ಏಳು ಸಾವಿರ ಡಿಎನ್‌ಎ ಅಕ್ಷರ) ಅಂತರ ಇದೆಯಲ್ಲ, ಮಧ್ಯೆ ಮುರಿದರೆ ಸರಿಯಿರುವ ಪ್ರೊವೈರಸ್ಸೂ ದೋಷದ ಲೆಕ್ಕಕ್ಕೆ ಹೋಗುತ್ತದೆ. ಎಷ್ಟು ತುಂಡಾಗಿದೆ ಅಂತ ತೋರಿಸುವ ಮಾನವ ಜೀನ್ ಆರ್‌ಪಿಪಿ30ರಿಂದ ಲೆಕ್ಕ ಸರಿಪಡಿಸಬಹುದು, ಆದರೆ ಅರ್ಧಕ್ಕರ್ಧ ತುಂಡಾಗಿದ್ದರೆ ಸರಿಪಡಿಸಿ ಏನು ಬಂತು? ಡಿಎನ್‌ಎ ಬೇರ್ಪಡಿಸುವ ಕಾಲಮ್ ಕಿಟ್‌ನಲ್ಲಿ ನಮಗೆ ಆಗಿದ್ದು ಅದೇ. ವೋರ್ಟೆಕ್ಸ್ (ಜೋರಾಗಿ ಅಲ್ಲಾಡಿಸುವ ಯಂತ್ರ) ಪೂರ್ತಿ ಬಿಟ್ಟೆವು. ಅಗಲ ಬಾಯಿಯ ಪಿಪೆಟ್ ಟಿಪ್ ದುಬಾರಿ, ಅದಕ್ಕೆ ಮಾಮೂಲಿ ಟಿಪ್‌ನ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಆಟೋಕ್ಲೇವ್ ಮಾಡಿದೆ. ಎಲ್ಯೂಟ್ ಮಾಡಿದ್ದನ್ನು (ಕಾಲಮ್‌ನಿಂದ ಇಳಿಸಿದ ಡಿಎನ್‌ಎಯನ್ನು) ಅಲ್ಲಾಡಿಸದೆ ರಾತ್ರಿಯಿಡೀ 4 ಡಿಗ್ರಿಯಲ್ಲಿ ಬಿಟ್ಟೆ. ತುಂಡಾಗುವುದು ಶೇ. 30ರ ಹತ್ತಿರಕ್ಕೆ ಇಳಿಯಿತು. ಕಿಟ್ ಬದಲಾಯಿಸಿ ಅಂದವರಿಗೆ ಆ ಬ್ಲೇಡ್ ತೋರಿಸಿದೆ.

ಹಳೆಯ ಬಿ ಸೆಟ್ ಹಾಳಾಗಲಿಲ್ಲ. ಫ್ರೀಜರ್‌ನಲ್ಲಿದ್ದ 8ಇ5 ಕೋಶಗಳ (ಬಿ ಸಬ್‌ಟೈಪ್ ವೈರಸ್ ಹೊತ್ತ, ಅಳತೆಗೆ ಬಳಸುವ ಲ್ಯಾಬ್ ಕೋಶಗಳು) ಮೇಲೆ ಹಾಕಿ ನೋಡಿದೆ. ಕೋಶಕ್ಕೊಂದು ಪ್ರೊವೈರಸ್ ಅಂತ ಲೆಕ್ಕ, ನಮ್ಮದರಲ್ಲಿ ಅರ್ಧದ ಸುಮಾರು ಇತ್ತು! ಪ್ಯಾಸೇಜ್ (ಹೊಸ ಪಾತ್ರೆಗೆ ಹಾಕಿ ಮತ್ತೆ ಬೆಳೆಸುವುದು) ಜಾಸ್ತಿಯಾದಂತೆ ಈ ಕೋಶಗಳು ವೈರಸ್ಸನ್ನೇ ಕಳೆದುಕೊಳ್ಳುತ್ತವೆ. ಸ್ಟ್ಯಾಂಡರ್ಡ್ ಅಂತ ಕಣ್ಣು ಮುಚ್ಚಿ ಬಳಸುವವರು ಒಮ್ಮೆ ಎಣಿಸಿ ನೋಡಿ.

ಈಗ 40 ಮಿ.ಲೀ. ರಕ್ತ ಸಾಕು. ಹತ್ತು ಲಕ್ಷ ಸಿಡಿ4 ಕೋಶಕ್ಕೆ (ಎಚ್‌ಐವಿ ಹೊಕ್ಕುವ ಬಿಳಿ ರಕ್ತಕಣ) ಒಟ್ಟು ಸಾವಿರದಷ್ಟು ಪ್ರೊವೈರಸ್ ಸಿಕ್ಕರೆ, ಸರಿಯಿರುವವು ಐವತ್ತರಿಂದ ನೂರು. ಒಬ್ಬರಿಗೆ ಎಂಟು ವೆಲ್ (ತಟ್ಟೆಯ ಗುಳಿ) ಹಾಕಿ ಕೂಡಿಸುತ್ತೇನೆ, ನಾಲ್ಕರಲ್ಲಿ ಎಣಿಕೆ ನಿಲ್ಲಲ್ಲ. ಕಾರ್ಟ್ರಿಡ್ಜ್, ಎಣ್ಣೆ ಸೇರಿ ಸ್ಯಾಂಪಲ್‌ಗೆ ಆರೇಳು ಸಾವಿರ ಬೀಳುತ್ತದೆ.