ಕಿಟ್ ಕಾರಿನ ಓಡಾಡುವ ಕೆಂಪು ದೀಪ: ಆಟಿಕೆ ಕಾರಿಗೆ ಮಾಡಿಕೊಳ್ಳೋದು ಹೇಗೆ

‘ನೈಟ್ ರೈಡರ್’ ಅನ್ನೋ ಅಮೆರಿಕದ ಟಿವಿ ಧಾರಾವಾಹಿ ನೋಡಿದವರಿಗೆ ಕಥೆಗಳೆಲ್ಲ ಮರೆತಿರಬಹುದು, ಆ ಕೆಂಪು ದೀಪ ಮಾತ್ರ ಮರೆತಿರಲ್ಲ. ಅದರಲ್ಲಿನ ಕಿಟ್ ಅನ್ನೋ ಮಾತಾಡುವ ಕಪ್ಪು ಕಾರಿನ ಮೂತಿಯಲ್ಲಿ ಎಡಕ್ಕೂ ಬಲಕ್ಕೂ ಸುಮ್ನೆ ಓಡಾಡುತ್ತಾ ಇರುತ್ತದಲ್ವಾ, ಅದೇ. ನನ್ನ ಹತ್ತಿರ 1:18 ಅಳತೆಯ ಕಪ್ಪು ಪಾಂಟಿಯಾಕ್ ಟ್ರಾನ್ಸ್ ಆಮ್ ಆಟಿಕೆ ಕಾರು ಒಂದಿದೆ, ಕಿಟ್ ಕೂಡ ಅದೇ ಕಾರು. ದೀಪ ಇಲ್ಲದೆ ಅದು ಬರೀ ಕಾರು. ದೀಪ ಹಾಕಿದ ಮೇಲೆ ಕಿಟ್ ಆಯಿತು.

ಈ ದೀಪ ಕಿಟ್‌ಗಿಂತ ಹಳೆಯದು. ಧಾರಾವಾಹಿ ಸೃಷ್ಟಿಸಿದ ಗ್ಲೆನ್ ಲಾರ್ಸನ್ 1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಧಾರಾವಾಹಿಯಲ್ಲಿ ಸೈಲಾನ್ ಯಂತ್ರಗಳಿಗೆ ಇಂಥದೇ ಕಣ್ಣು ಇಟ್ಟಿದ್ದರು. 1982ರಲ್ಲಿ ಅದು ಕಾರಿಗೆ ಬಂತು. ಎಲೆಕ್ಟ್ರಾನಿಕ್ಸ್ ಹವ್ಯಾಸದವರು ಇವತ್ತಿಗೂ ಇದನ್ನು ‘ಲಾರ್ಸನ್ ಸ್ಕ್ಯಾನರ್’ ಅಂತಲೇ ಕರೆಯುತ್ತಾರೆ.

ಇದನ್ನು ಮೈಕ್ರೋಕಂಟ್ರೋಲರ್‌ನಲ್ಲೂ (ಕೋಡ್ ಬರೆದು ನಡೆಸುವ ಪುಟ್ಟ ಚಿಪ್) ಮಾಡಬಹುದು. ನನಗೆ ಹಳೆಯ ದಾರಿಯೇ ಇಷ್ಟ: ಒಂದು 555 ಐಸಿ, ಒಂದು 4017 ಐಸಿ. ಐಸಿ ಅಂದರೆ ಪುಟ್ಟ ಚಿಪ್, ಅದರ ಕಾಲುಗಳೇ ಪಿನ್ನುಗಳು. ಕೋಡ್ ಬರೆಯೋದೇನೂ ಇಲ್ಲ. ಜೊತೆಗೆ ಆರು ಕೆಂಪು ಎಲ್‌ಇಡಿ, ಹತ್ತು 1ಎನ್4148 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು), 9 ವೋಲ್ಟ್ ಬ್ಯಾಟರಿ, ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಚುಚ್ಚಿ ಜೋಡಿಸುವ ಹಲಗೆ), ಒಂದಷ್ಟು ರೆಸಿಸ್ಟರ್ ಮತ್ತು ಕೆಪಾಸಿಟರ್ ಬೇಕು.

555 ಇಲ್ಲಿ ತಾಳ ಹಾಕುವವನು. ಅದರ 4 ಮತ್ತು 8ನೇ ಪಿನ್ ಪ್ಲಸ್‌ಗೆ, 1ನೇದು ಮೈನಸ್‌ಗೆ. 2 ಮತ್ತು 6ನ್ನು ಒಂದಕ್ಕೊಂದು ಸೇರಿಸಿ. 8 ಮತ್ತು 7ರ ನಡುವೆ 1 ಕಿಲೋಓಮ್ ರೆಸಿಸ್ಟರ್. 7 ಮತ್ತು 6ರ ನಡುವೆ 10 ಕಿಲೋಓಮ್ ರೆಸಿಸ್ಟರ್, ಅದರ ಹಿಂದೆಯೇ ಸಾಲಾಗಿ 100 ಕಿಲೋಓಮ್ ಪ್ರಿಸೆಟ್ (ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿ ಬದಲಿಸುವ ರೆಸಿಸ್ಟರ್). 2ರಿಂದ ಮೈನಸ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್. 3ನೇ ಪಿನ್ನಿನಿಂದ ಬರುವ ತಾಳವನ್ನು 4017ರ 14ನೇ ಪಿನ್ನಿಗೆ ಕೊಡಿ.

4017ಕ್ಕೆ ಹತ್ತು ಔಟ್‌ಪುಟ್. ಒಂದೊಂದು ತಾಳಕ್ಕೆ ಒಂದೊಂದು ಹೊತ್ತಿಕೊಳ್ಳುತ್ತದೆ. ಹತ್ತು ಔಟ್‌ಪುಟ್‌ಗೆ ಆರೇ ದೀಪ ಯಾಕೆ? ಹೋಗುವಾಗ ಆರು, ಬರುವಾಗ ನಡುವಿನ ನಾಲ್ಕು. ಲೆಕ್ಕ ಸರಿ ಹೋಯಿತು. ತುದಿಯ ಎರಡು ದೀಪಕ್ಕೆ ಒಂದೊಂದೇ ತಂತಿ, ನಡುವಿನವಕ್ಕೆ ಎರಡೆರಡು.

ನಾನು ಎಡವಿದ್ದು ಇಲ್ಲೇ. ಪಿನ್ನುಗಳು 1, 2, 3 ಅಂತ ಸಾಲಾಗಿ ಹೊತ್ತುತ್ತವೆ ಅಂದುಕೊಂಡು ಜೋಡಿಸಿಬಿಟ್ಟೆ. ಸ್ವಿಚ್ ಹಾಕಿದರೆ ದೀಪ ಕುಡಿದವನ ಹಾಗೆ ಎಲ್ಲೆಂದರಲ್ಲಿ ಹಾರುತ್ತಿತ್ತು. ಐಸಿ ಕೆಟ್ಟಿದೆ ಅಂತ ಹೊಸದು ಹಾಕಿದೆ, ಅದೂ ಹಾಗೇ ಕುಣಿಯಿತು! ನಿಜವಾದ ಸಾಲು 3, 2, 4, 7, 10, 1, 5, 6, 9, 11. ಅಂದರೆ ಮೊದಲ ದೀಪಕ್ಕೆ 3. ಎರಡನೇದಕ್ಕೆ 2 ಮತ್ತು 11. ಮೂರನೇದಕ್ಕೆ 4 ಮತ್ತು 9. ನಾಲ್ಕನೇದಕ್ಕೆ 7 ಮತ್ತು 6. ಐದನೇದಕ್ಕೆ 10 ಮತ್ತು 5. ಆರನೇದಕ್ಕೆ 1. ಪ್ರತಿ ಔಟ್‌ಪುಟ್‌ಗೂ ಒಂದು ಡಯೋಡ್ ಇರಲಿ, ಪಟ್ಟಿ ಇರುವ ತುದಿ ದೀಪದ ಕಡೆಗೆ. 16 ಪ್ಲಸ್‌ಗೆ, 8 ಮೈನಸ್‌ಗೆ. 13 ಮತ್ತು 15ನ್ನೂ ಮರೆಯದೆ ಮೈನಸ್‌ಗೆ ಕಟ್ಟಿ. ಹಾಗೇ ಬಿಟ್ಟರೆ ಎಣಿಕೆ ತನಗೆ ತೋಚಿದ ಕಡೆ ನಿಲ್ಲುತ್ತದೆ.

ಇಷ್ಟಕ್ಕೆ ದೀಪ ಓಡುತ್ತದೆ, ಆದರೆ ಟಕ್ ಟಕ್ ಅಂತ. ಕಿಟ್‌ನ ದೀಪ ಹಾಗಲ್ಲ, ಹಿಂದೆ ಒಂದು ಬಾಲ ಎಳೆದುಕೊಂಡು ಹೋಗುತ್ತದೆ. ಆ ಬಾಲಕ್ಕೆ ಪ್ರತಿ ಎಲ್‌ಇಡಿಗೂ ಸ್ವಂತದ್ದೊಂದು 1 ಕಿಲೋಓಮ್ ರೆಸಿಸ್ಟರ್ ಹಾಕಿ. ಡಯೋಡ್ ಮತ್ತು ಆ ರೆಸಿಸ್ಟರ್ ಸೇರುವ ಜಾಗದಿಂದ ಮೈನಸ್‌ಗೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಿ. ಅದರ ಪ್ಲಸ್ ಕಾಲು ಡಯೋಡ್ ಕಡೆಗಿರಲಿ. ಔಟ್‌ಪುಟ್ ಆರಿದರೂ ಕೆಪಾಸಿಟರ್‌ನಲ್ಲಿ ಉಳಿದದ್ದು ದೀಪವನ್ನು ಮೆಲ್ಲಗೆ ನಂದಿಸುತ್ತದೆ. ಇದೊಂದನ್ನು ಮಾಡದಿದ್ದರೆ ಉಳಿದ ಕೆಲಸವೆಲ್ಲ ದಂಡ ಅಂತ ನನ್ನ ಅಭಿಪ್ರಾಯ.

ವೇಗವನ್ನು ಪ್ರಿಸೆಟ್ ತಿರುಗಿಸಿ ಹೊಂದಿಸಿಕೊಳ್ಳಿ. ನಡುವಿಗೆ ಇಟ್ಟರೆ ಸೆಕೆಂಡಿಗೆ ಸುಮಾರು 12 ಹೆಜ್ಜೆ. ಒಂದು ಸಲ ಹೋಗಿ ಬರಲು ಸೆಕೆಂಡಿಗಿಂತ ಸ್ವಲ್ಪ ಕಮ್ಮಿ. ಜಾಸ್ತಿ ಮಾಡಬೇಡಿ, ಆಂಬುಲೆನ್ಸ್ ಥರ ಕಾಣುತ್ತದೆ. ಕಿಟ್‌ಗೆ ದನಿ ಕೊಟ್ಟವರು ವಿಲಿಯಂ ಡೇನಿಯಲ್ಸ್. ತಮ್ಮ ಹೆಸರು ಪರದೆಯ ಮೇಲೆ ಬರುವುದೇ ಬೇಡ ಅಂದಿದ್ದರು. ಸಮಾಧಾನದ, ಸ್ವಲ್ಪ ಬಿಂಕದ ಆ ದನಿ ನೆನಪಿದೆಯಾ? ದೀಪವೂ ಅದೇ ಗತಿಯಲ್ಲಿರಲಿ. ನಾನಂತೂ ಒಂದು ಕಂತು ಹಾಕಿಕೊಂಡು, ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತೇ ಹೊಂದಿಸಿದೆ.

ಇನ್ನು ಕೂರಿಸುವುದು. ಹೊಳೆಯುವ ಎಲ್‌ಇಡಿ ಹಾಗೇ ಇಟ್ಟರೆ ಆರು ಚುಕ್ಕೆ ಬಿಡಿಬಿಡಿಯಾಗಿ ಕಾಣುತ್ತವೆ. ಅದಕ್ಕೆ ಒಂದೊಂದರ ತಲೆಯನ್ನೂ ನಯವಾದ ಸ್ಯಾಂಡ್‌ಪೇಪರ್ ಮೇಲೆ ಬೆರಳಲ್ಲಿ ಗುಂಡಗೆ ತಿರುಗಿಸಿ ಉಜ್ಜಿ. ನಿಮಿಷದಲ್ಲಿ ಗಾಜಿನ ಹಾಗಿದ್ದದ್ದು ಹಾಲಿನ ಬಣ್ಣಕ್ಕೆ ಬರುತ್ತದೆ. ಮುಂದೆ ಕಡುಗೆಂಪು ಪ್ಲಾಸ್ಟಿಕ್ ಹಾಳೆಯ ಒಂದು ಪಟ್ಟಿ ಅಂಟಿಸಿ. ದೀಪ ಆರಿಸಿದಾಗ ಮೂತಿ ಪೂರ್ತಿ ಕಪ್ಪಾಗಿ ಕಂಡರೆ ಕೆಲಸ ಸರಿಯಾಗಿದೆ ಅಂತ.

ರಸ್ತೆಗಿಳಿಯುವ ನಿಜವಾದ ಕಾರಿಗೆ ಮಾತ್ರ ಇದನ್ನು ಹಾಕಲು ಹೋಗಬೇಡಿ. ಮುಂದಕ್ಕೆ ಕಾಣುವ ಕೆಂಪು ದೀಪ ಎಷ್ಟೋ ದೇಶಗಳಲ್ಲಿ ನಿಯಮಕ್ಕೆ ವಿರುದ್ಧ.

ಹಾಂ, ಎಲ್‌ಇಡಿ ತರುವಾಗ ಹಳದಿಯವೂ ಆರು ತಂದಿಟ್ಟುಕೊಳ್ಳಿ. ಧಾರಾವಾಹಿಯಲ್ಲಿ ಕಿಟ್‌ಗೆ ‘ಕಾರ್’ (KARR) ಅನ್ನೋ ಹೆಸರಿನ ದುಷ್ಟ ಅಣ್ಣನೊಬ್ಬ ಇದ್ದಾನೆ, ಮೂರನೇ ಸೀಸನ್‌ನಲ್ಲಿ ಮತ್ತೆ ಬಂದಾಗ ಅವನ ದೀಪ ಹಳದಿ. ಸರ್ಕ್ಯೂಟ್‌ನಲ್ಲಿ ಏನೂ ಬದಲಿಸಬೇಕಿಲ್ಲ.