ಮನೆಯಲ್ಲೇ ಇಂಗ್ಲಿಷ್ ಓದು: ‘ಎಸ್’ ಬಿಡಿ, ‘ಸ್’ ಅನ್ನಿ

ಎಲ್‌ಕೆಜಿ ಮಗು ‘ಎ’ಯಿಂದ ‘ಝಡ್’ವರೆಗೆ ಪಟಪಟ ಹೇಳುತ್ತದೆ. ಅದೇ ಮಗುವಿನ ಮುಂದೆ ಎಸ್, ಐ, ಟಿ ಮೂರೂ ಅಕ್ಷರ ಜೋಡಿಸಿಟ್ಟು ‘ಓದು’ ಅನ್ನಿ. ‘ಎಸ್ ಐ ಟಿ’ ಎಂದು ತನಿಖಾ ತಂಡದ ಹೆಸರು ಹೇಳಿ ಸುಮ್ಮನಾಗುತ್ತದೆ. ‘ಸಿಟ್’ ಬಾಯಿಗೆ ಬರುವುದಿಲ್ಲ. ಮಗುವಿಗೆ ಅಕ್ಷರದ ಹೆಸರು ಗೊತ್ತು, ಸದ್ದು ಗೊತ್ತಿಲ್ಲ, ಅಷ್ಟೇ.

ಕನ್ನಡದಲ್ಲಿ ಈ ತಾಪತ್ರಯ ಇಲ್ಲ. ‘ಮ’ ಅಕ್ಷರದ ಹೆಸರೂ ಮ, ಸದ್ದೂ ಮ. ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದು ಸುಮಾರು 44. ಯಾವ ಅಕ್ಷರಕ್ಕೆ ಯಾವ ಸದ್ದು ಎಂದು ಮೊದಲು ಕಲಿಸಿ, ಆಮೇಲೆ ಸದ್ದುಗಳನ್ನು ಕೂಡಿಸಿ ಓದಿಸುವ ಕ್ರಮವೇ ಫೋನಿಕ್ಸ್. ಇದಕ್ಕೆ ದುಬಾರಿ ಕ್ಲಾಸು ಬೇಕೇ ಬೇಕು ಅಂತೇನಿಲ್ಲ. ಕನ್ನಡ ಓದಲು ಬರುವ ಅಪ್ಪ ಅಮ್ಮನ ಹತ್ತಿರ ಒಂದು ಒಳ್ಳೆಯ ಉಪಾಯ ಆಗಲೇ ಇದೆ. ಅದು ನಮ್ಮ ಅರ್ಧಾಕ್ಷರ.

ಮೊದಲು ಕಿವಿ, ಆಮೇಲೆ ಕಣ್ಣು

ನಾಲ್ಕು ವರ್ಷದ ಆಸುಪಾಸಿನಲ್ಲಿ ಪುಸ್ತಕವಿಲ್ಲದೆಯೇ ಶುರು ಮಾಡಬಹುದು. ‘ಸ್ ಅಂತ ಶುರುವಾಗೋದು ಅಡುಗೆಮನೆಯಲ್ಲಿ ಏನೇನಿದೆ?’ ಎಂದು ಕೇಳಿ. ಸೌಟು, ಸಕ್ಕರೆ, ಸಾಸಿವೆ. ಆಟ ಕನ್ನಡದಲ್ಲೇ ನಡೆಯಲಿ, ಕಿವಿಗೆ ಬೇಕಾದ ಅಭ್ಯಾಸ ಸಿಗುತ್ತದೆ. ಕೆಲವು ದಿನ ಬಿಟ್ಟು ‘ಪುಟ್ಟಾ, ಆ ಕ್-ಅ-ಪ್ ತಗೊಂಡು ಬಾ’ ಅನ್ನಿ. ಮಗು ಕಪ್ ತಂದುಕೊಟ್ಟರೆ ಸದ್ದು ಕೂಡಿಸಲು ಬಂತು ಎಂದರ್ಥ. ಇನ್ನು ಅಕ್ಷರ ತೋರಿಸಬಹುದು.

ಮೊದಲ ಆರು ಅಕ್ಷರ

ಎ, ಬಿ, ಸಿ, ಡಿ ಕ್ರಮ ಬಿಟ್ಟುಬಿಡಿ. ಎಸ್, ಎ, ಟಿ, ಪಿ, ಐ, ಎನ್: ಈ ಆರರಿಂದ ಶುರು ಮಾಡುವುದು ಫೋನಿಕ್ಸ್ ಕಲಿಸುವ ಎಷ್ಟೋ ಕಡೆ ರೂಢಿ. ಕಾರಣ ಸರಳ. ಇಷ್ಟರಲ್ಲೇ ಪಿನ್, ಟಿನ್, ಸಿಟ್, ಟ್ಯಾಪ್, ಆ್ಯಂಟ್ ಎಲ್ಲ ಆಗುತ್ತವೆ. ಮಗು ಬೇಗ ಓದಿನ ರುಚಿ ನೋಡುತ್ತದೆ. ಚಿಕ್ಕ ಅಕ್ಷರಗಳನ್ನೇ ಮೊದಲು ಕಲಿಸಿ. ಪುಸ್ತಕ ತೆರೆದರೆ ಕಾಣುವುದು ಹೆಚ್ಚಾಗಿ ಅವೇ ಅಲ್ವಾ?

ರಟ್ಟಿನ ಚೂರುಗಳ ಮೇಲೆ ಒಂದೊಂದು ಅಕ್ಷರ ದೊಡ್ಡದಾಗಿ ಬರೆಯಿರಿ. ಪಕ್ಕದಲ್ಲಿ ಕನ್ನಡದಲ್ಲಿ ಬರೆಯಬೇಡಿ. ಕನ್ನಡ ಗೊತ್ತಿರುವ ಮಗು ಅದನ್ನೇ ಓದಿಬಿಡುತ್ತದೆ. ಅರ್ಧಾಕ್ಷರ ಇರಬೇಕಾದ್ದು ನಿಮ್ಮ ಬಾಯಲ್ಲಿ.

ಅರ್ಧಾಕ್ಷರದ ಕೆಲಸ

ಅತಿ ಜಾಸ್ತಿ ಎಡವುವುದು ಇಲ್ಲಿ. ‘ಪ, ಇ, ನ’ ಎಂದು ಹೇಳಿಕೊಟ್ಟರೆ ಅದನ್ನು ಎಷ್ಟು ಬೇಗ ಹೇಳಿದರೂ ‘ಪಿನ್’ ಆಗುವುದಿಲ್ಲ. ‘ಪ್, ಇ, ನ್’ ಅನ್ನಿ, ಕೂಡಲೇ ಕೂಡಿಕೊಳ್ಳುತ್ತದೆ. ಪ್‌ಗೆ ಇ ಸೇರಿದರೆ ಪಿ ಎನ್ನುವ ಕಾಗುಣಿತದ ಲೆಕ್ಕವೇ ಇದು. ಇಂಗ್ಲಿಷಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಸ್, ನ್, ಮ್ ಇವನ್ನು ಎಳೆದು ಹೇಳಬಹುದು. ಪ್, ಟ್, ಕ್ ಎಳೆಯಲು ಬರುವುದಿಲ್ಲ. ಹಾಗಾಗಿ ಮೊದಮೊದಲು ಎಳೆಯಬಹುದಾದ ಸದ್ದಿನಿಂದ ಶುರುವಾಗುವ ಪದ ಕೊಡಿ: ‘ಸ್ಸ್ಸ್-ಇ-ಟ್’. ಬೆರಳನ್ನು ಅಕ್ಷರಗಳ ಕೆಳಗೆ ನಿಲ್ಲಿಸದೆ ಜಾರಿಸಿಕೊಂಡು ಹೋಗಿ. ಮೂರು ಸದ್ದು ಕಷ್ಟವಾದರೆ ‘ಇನ್’, ‘ಇಟ್’ ಎಂಬ ಎರಡಕ್ಕೆ ಇಳಿಯಿರಿ.

‘ಎ’ ಅಕ್ಷರ ಸ್ವಲ್ಪ ತಕರಾರಿನದು. ಟ್ಯಾಪ್ ಎಂದು ನಾವು ಬರೆದರೂ ಆ ಪದದಲ್ಲಿ ‘ಯ್’ ಸದ್ದೇ ಇಲ್ಲ. ಹಳ್ಳಿ ಮಾತಿನ ‘ಪ್ಯಾಟೆ’, ‘ಮ್ಯಾಲೆ’ ಇವೆಯಲ್ಲ, ಅಲ್ಲಿ ಬರುವ ಸ್ವರವನ್ನೇ ಗಿಡ್ಡ ಮಾಡಿದರೆ ಇದು. ಮಗುವಿನ ಹೆಸರು ಅನು, ಅಮರ್ ಅಂತಿದ್ದರೆ ‘ಇಲ್ಲಿ ಎ ಅಕ್ಷರಕ್ಕೆ ಅ ಸದ್ದು ಯಾಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಹೆಸರುಗಳಿಗೆ ಬೇರೆ ರೂಲ್ಸು ಎಂದು ಹೇಳಿ ಮುಂದೆ ಹೋಗಿ.

ಗೊತ್ತಿರುವ ಪದವೇ ಇರಲಿ

ನನ್ನ ಪ್ರಕಾರ ಕನ್ನಡದ ಮನೆಗಳಲ್ಲಿ ಇದೇ ಮುಖ್ಯ. ‘ನ್ಯಾಪ್’ ಎಂದು ಮಗು ಸರಿಯಾಗಿ ಓದಿತು. ಅದು ಸಣ್ಣ ನಿದ್ದೆ ಎಂದು ಗೊತ್ತಿಲ್ಲದಿದ್ದರೆ ಓದಿ ಏನು ಬಂತು? ಪಿನ್, ಬಸ್, ಪೆನ್, ಕಪ್, ಮ್ಯಾಟ್, ಬ್ಯಾಗ್ ಇವೆಲ್ಲ ದಿನಾ ನಮ್ಮ ಮಾತಿನಲ್ಲೇ ಇವೆ. ಇವನ್ನೇ ಮೊದಲು ಓದಿಸಿ. ಹೊಸ ಪದ ಬಂದರೆ ಕನ್ನಡದಲ್ಲೇ ಅರ್ಥ ಹೇಳಿ.

ಆದರೆ ಈ ಪದಗಳು ನಮ್ಮ ಬಾಯಲ್ಲಿ ಬಸ್ಸು, ಪೆನ್ನು, ಕಪ್ಪು ಆಗಿವೆ. ಕೊನೆಯ ‘ಉ’ ಬರೆಯಲು ಮಗು ಅಕ್ಷರ ಹುಡುಕುತ್ತದೆ. ಎಗ್ ಅನ್ನುವುದು ‘ಯೆಗ್ಗು’ ಆಗಿರುತ್ತದೆ. ಪೆನ್, ಪ್ಯಾನ್ ಒಂದೇ ಥರ ಕೇಳುತ್ತವೆ. ಗದರಬೇಡಿ. ಎರಡನ್ನೂ ಮುಂದಿಟ್ಟು ‘ಪ್ಯಾನ್ ತೋರಿಸು’ ಎಂದು ಆಡಿಸಿದರೆ ಕಿವಿ ತಾನೇ ಪಳಗುತ್ತದೆ.

ಓದಿದ್ದನ್ನು ಬರೆಸುವುದಕ್ಕೆ ಹುಣಸೆ ಬೀಜ ಸಾಕು. ನೀವು ಪದ ಹೇಳಿ, ಮಗು ಸದ್ದಿಗೊಂದು ಬೀಜ ಇಡಲಿ. ‘ಶಿಪ್’ ಪದಕ್ಕೆ ಅಕ್ಷರ ನಾಲ್ಕು, ಬೀಜ ಮೂರೇ. ಎಸ್ ಮತ್ತು ಎಚ್ ಸೇರಿ ಒಂದೇ ಸದ್ದು ಎನ್ನುವುದು ಅಲ್ಲೇ ಹೊಳೆಯುತ್ತದೆ.

ಮಗು ನಿಜಕ್ಕೂ ಓದುತ್ತಿದೆಯೋ ಬಾಯಿಪಾಠ ಒಪ್ಪಿಸುತ್ತಿದೆಯೋ? ಇಂಗ್ಲೆಂಡಿನ ಶಾಲೆಗಳಲ್ಲಿ 2012ರಿಂದ ‘ಇಯರ್ ಒನ್’ ತರಗತಿಯ, ಅಂದರೆ ಐದಾರು ವರ್ಷದ ಮಕ್ಕಳಿಗೆ 40 ಪದಗಳ ಫೋನಿಕ್ಸ್ ಪರೀಕ್ಷೆ ಇದೆ. ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ. ಮೊದಲೇ ನೋಡಿರದ ಪದವಾದ್ದರಿಂದ ಸದ್ದು ಕೂಡಿಸಿಯೇ ಓದಬೇಕು. ನೀವೂ ವಾರಕ್ಕೊಮ್ಮೆ ‘ಟಿಸ್’, ‘ಪಿಮ್’ ಥರದ ಸುಳ್ಳು ಪದ ಬರೆದು, ರಾಕ್ಷಸನ ಹೆಸರು ಎಂದು ಓದಿಸಿ.

ಮುಂದಿನದು

ಉಳಿದ ಅಕ್ಷರಗಳು ಬಂದ ಮೇಲೆ ಶ್, ಚ್, ಊ, ಈ ಸದ್ದಿನ ಜೋಡಿಗಳು. ಆಮೇಲೆ ಪದದ ಕೊನೆಗೆ ಕೂತು ತಾನು ಸುಮ್ಮನಿದ್ದು ಹಿಂದಿನ ಸ್ವರ ಬದಲಿಸುವ ಇಂಗ್ಲಿಷಿನ ‘ಇ’ (e) ಅಕ್ಷರ: ಟ್ಯಾಪ್ ಹೋಗಿ ಟೇಪ್, ಪಿನ್ ಹೋಗಿ ಪೈನ್. ‘ವಾಸ್’, ‘ಸೆಡ್’, ‘ಒನ್’ ಇಂಥವು ಯಾವ ಲೆಕ್ಕಕ್ಕೂ ಪೂರ್ತಿ ಸಿಗುವುದಿಲ್ಲ. ವಾರಕ್ಕೆ ಎರಡು ಮೂರರಂತೆ ನೋಡಿ ನೆನಪಿಟ್ಟುಕೊಳ್ಳಲಿ.

ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಚಿತ್ರ ನೋಡಿ ಪದ ಊಹಿಸಲು ಬಿಡಬೇಡಿ, ಅದು ಓದಲ್ಲ. ಕಥೆಯ ಖುಷಿಗೆ ಬೇರೆ ಪುಸ್ತಕ ಇರಲಿ, ಅದನ್ನು ನೀವೇ ಓದಿ ಹೇಳಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಉಚಿತ ಕಥೆಗಳಿವೆ. ಮಗು ತಾನೇ ಓದುವ ಪುಸ್ತಕವನ್ನು ಮನೆಯಲ್ಲೇ ಮಾಡಬಹುದು. ನಾಲ್ಕು ಹಾಳೆ ಮಡಚಿ ಪಿನ್ ಹೊಡೆಯಿರಿ. ಪುಟಕ್ಕೊಂದು ಸಾಲು, ಕಲಿತ ಅಕ್ಷರಗಳು ಮಾತ್ರ: ‘ಎ ಪಿನ್ ಇನ್ ಎ ಟಿನ್.’ ಚಿತ್ರ ಬಿಡಿಸುವ ಕೆಲಸ ಮಗುವಿಗೆ ಬಿಡಿ, ಅದೂ ಸಾಲು ಓದಿ ಮುಗಿಸಿದ ಮೇಲೆ.