ಒಣಕೊಂಬೆ ನೆಟ್ಟ ತೋಟ

ಪುಣೆಯಿಂದ ಮುಳಶಿ ರಸ್ತೆಯಲ್ಲಿ ಪೌಡ್ ದಾಟಿ ಒಳಗೆ ಹೋದರೆ, ಗುಡ್ಡದ ಬುಡದಲ್ಲಿ ನನ್ನ ಷಡ್ಡಕರ ಇಪ್ಪತ್ತು ಗುಂಟೆ ಜಾಗ ಸಿಗುತ್ತದೆ. ಭತ್ತಕ್ಕೂ ಒಗ್ಗದ, ಬಂಗಲೆಗೂ ಬಾರದ ಇಳಿಜಾರು. ನಾನು ಕೆಲಸದಿಂದ ನಿವೃತ್ತನಾದ ವರ್ಷ ಅವರೇ ಹೇಳಿದರು: "ಮನೆಯಲ್ಲಿ ಕುಳಿತು ಏನು ಮಾಡುತ್ತೀರಿ? ಅಲ್ಲಿ ನಾಲ್ಕು ಗಿಡ ಹಚ್ಚಿರಿ."

ಧಾರವಾಡದವನ ತಲೆಗೆ ಮೊದಲು ಹೊಳೆಯುವುದು ಆಪೂಸು. ನರ್ಸರಿಯೊಂದರಿಂದ ಹನ್ನೆರಡು ಕಸಿ ಗಿಡ ತಂದೆ. ಚೀಲ ಹರಿದು ನೋಡಿದರೆ ಬೇರುಗಳು ತಳದಲ್ಲಿ ಸಿಂಬಿಯಂತೆ ಸುತ್ತಿಕೊಂಡಿದ್ದವು. ಅದು ಗಿಡ ಸಾಯುವ ಲಕ್ಷಣ ಎಂದು ಆಗ ನನಗೆ ತಿಳಿಯಲಿಲ್ಲ. ಎರಡು ಬೇಸಗೆಯಲ್ಲಿ ಏಳು ಒಣಗಿದವು, ಉಳಿದವನ್ನು ಆಡು ಮುಗಿಸಿದವು.

ಮೂರನೆಯ ವರ್ಷದ ಮೇ ತಿಂಗಳಲ್ಲಿ, ಸೋತ ಮುಖ ಹೊತ್ತು ಗಡಿಯ ಹಳೆಯ ಅತ್ತಿಮರದ ಕೆಳಗೆ ಬುತ್ತಿ ಬಿಚ್ಚಿದ್ದೆ. ರೊಟ್ಟಿಯ ಮೇಲೆ ಟಪ್ ಎಂದು ಅರ್ಧ ತಿಂದ ಅತ್ತಿಹಣ್ಣು ಬಿತ್ತು. ಮೇಲೆ ನೋಡಿದರೆ ಒಂದು ಜೋಡಿ ಬೂದು ಮಂಗಟ್ಟೆ, ಕುಟ್ರ ಹಕ್ಕಿಗಳು, ಕೋಗಿಲೆ. ಎಲೆಯ ಬಣ್ಣಕ್ಕೆ ಎಲೆಯಾಗಿ ಕೂತ ಹಸಿರು ಪಾರಿವಾಳಗಳು ಹಳದಿ ಕಾಲು ಆಡಿಸಿದಾಗಷ್ಟೇ ಕಂಡವು. ಮಹಾರಾಷ್ಟ್ರದ ರಾಜ್ಯಪಕ್ಷಿ ಹರಿಯಲ್ ಎಂದರೆ ಇದೇ. ಯಾರೂ ನೆಡದ ಮರದಲ್ಲಿ ಜಾತ್ರೆ ನಡೆದಿತ್ತು. ಮಾವಿನ ಆಸೆಯನ್ನು ಅಲ್ಲಿಯೇ ಬಿಟ್ಟೆ, ಇನ್ನು ನೆಡುವುದಾದರೆ ಈ ಹಕ್ಕಿಗಳಿಗೇ ಎಂದುಕೊಂಡೆ.

ಆಮೇಲೆ ಮಾಡಿದ ಮೊದಲ ಕೆಲಸ ಗುದ್ದಲಿಯದಲ್ಲ, ಪಂಚಾಂಗದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತಮುತ್ತ ಯಾವ ತಿಂಗಳು ಯಾವ ಹಣ್ಣು ಎಂದು ಒಂದು ವರ್ಷ ಬರೆದೆ. ಚಳಿಗಾಲಕ್ಕೆ ಬೋರೆ, ಮೇ ತಿಂಗಳಿಗೆ ಕವಳಿ, ಮಳೆ ಹಿಡಿಯುವ ಹೊತ್ತಿಗೆ ನೇರಳೆ. ಅಲ್ಲಿಂದ ದೀಪಾವಳಿಯವರೆಗೆ ಹಾಳೆ ಹೆಚ್ಚುಕಡಿಮೆ ಖಾಲಿ. ಹಣ್ಣಿನ ಗಿಡ ನೆಡುವವರು ರುಚಿ ನೋಡುತ್ತಾರೆ, ನೋಡಬೇಕಾದದ್ದು ಈ ಖಾಲಿ ಜಾಗವನ್ನು.

ಅದನ್ನು ತುಂಬುವುದು ಅತ್ತಿ, ಬಸರಿ, ಆಲ. ಅತ್ತಿಯ ಕಾಯಿ ಎಂದರೆ ಒಳಮುಖವಾಗಿ ಅರಳಿದ ಹೂಗಳ ಗೊಂಚಲು. ಅದರೊಳಗೆ ನುಗ್ಗಿ ಪರಾಗ ಮುಟ್ಟಿಸುವ ಪುಟ್ಟ ಕಣಜ ಬದುಕುವುದು ಒಂದೆರಡು ದಿನ. ಅದರ ವಂಶ ಉಳಿಯಬೇಕಾದರೆ ಊರಿನ ಯಾವುದಾದರೊಂದು ಮರ ಯಾವಾಗಲೂ ಕಾಯಿ ಹಿಡಿದಿರಲೇಬೇಕು. ಆದ್ದರಿಂದ ಈ ಜಾತಿಯ ಮರಗಳೆಲ್ಲ ಒಟ್ಟಿಗೆ ಫಲ ಬಿಡುವುದಿಲ್ಲ, ಸರದಿಯಲ್ಲಿ ಬಿಡುತ್ತವೆ. ಬಸರಿ, ಆಲಗಳಿಗೆ ಸಸಿ ಕೊಳ್ಳಲಿಲ್ಲ. ಮಳೆ ಶುರುವಾದ ವಾರ ತೋಳಿನಷ್ಟು ದಪ್ಪದ ಕೊಂಬೆ ಕಡಿದು ನೆಟ್ಟೆ, ಹೆಚ್ಚಿನವು ಚಿಗುರಿದವು. ನೇರಳೆಯ ಬೀಜವನ್ನು ಪುಣೆಯ ಕೋಥ್ರೂಡ್ ಬಡಾವಣೆಯ ಕಾಲುದಾರಿಯಿಂದಲೇ ಆರಿಸಿದೆ. ಅದನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಸಾಯುತ್ತದೆ, ತಂದ ದಿನವೇ ಮಣ್ಣಿಗೆ ಸೇರಬೇಕು.

ಗುಂಡಿ ತೋಡಲು ಬಂದವರು ವಿಜಯಪುರದ ಕಡೆಯ ದಂಪತಿ, ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುವವರು. ಕನ್ನಡ ಕೇಳಿದ್ದೇ ತಡ, ಆ ತಾಯಿ ನನ್ನ ಕೆಲಸದ ತಪ್ಪು ಎಣಿಸತೊಡಗಿದಳು. "ಕಾಕಾ, ತೋಡಿದ ಕಲ್ಲನ್ನು ದೂರ ಯಾಕೆ ಎಸೆಯುತ್ತೀರಿ? ಗಿಡದ ಸುತ್ತ ಹೊಂದಿಸಿರಿ. ಕಲ್ಲಿನ ಕೆಳಗೆ ತೇವ ಉಳಿಯುತ್ತದೆ." ಮುರುಮಿನ, ಎಂದರೆ ಜಲ್ಲಿಗಲ್ಲಿನಂಥ ಮಣ್ಣಿನ ನೆಲದಲ್ಲಿ ಇದಕ್ಕಿಂತ ಉಪಯುಕ್ತ ಮಾತನ್ನು ನನಗೆ ಯಾರೂ ಹೇಳಿಲ್ಲ. ಪ್ರತಿ ಗಿಡದ ಪಕ್ಕ, ತಳದಲ್ಲಿ ತೂತು ಕೊರೆದು ಬಟ್ಟೆಯ ಬತ್ತಿ ತೂರಿಸಿದ ಮಡಕೆ ಹೂತೆವು. ವಾರಕ್ಕೊಮ್ಮೆ ತುಂಬಿದರೆ ಸಾಕು. ಎರಡು ಬೇಸಗೆ ಹೀಗೆ ನಡೆಯಿತು.

ಬೆಂಕಿಯ ಮಾತು ಬೇರೆ. ಇಲ್ಲಿ ಅದಕ್ಕೆ ವಣವಾ ಎನ್ನುತ್ತಾರೆ. ಹುಲ್ಲು ಒಣಗಿದ ಮೇಲೆ ಎಲ್ಲಿಂದಲೋ ಹತ್ತಿಕೊಳ್ಳುತ್ತದೆ. ದೀಪಾವಳಿ ಮುಗಿದೊಡನೆ ಗಡಿಯುದ್ದಕ್ಕೂ ಹತ್ತು ಅಡಿ ಹುಲ್ಲು ಕೊಯ್ದು ಬರಿನೆಲ ಮಾಡಬೇಕು. ಒಂದು ವರ್ಷ ಮದುವೆಮುಂಜಿ ಎಂದು ತಡಮಾಡಿದೆ, ಇಪ್ಪತ್ತೆರಡು ಗಿಡ ಕರಕಲಾದವು. ಮಳೆಗೆ ಬುಡದಿಂದ ಮತ್ತೆ ಚಿಗುರಿದ್ದು ಒಂಬತ್ತು.

ಇನ್ನು ಒಣಕೊಂಬೆಯ ಕಥೆ. ಮಡಕೆಗಳಿದ್ದ ಜಾಗದ ಗುರುತಿಗೆಂದು ಹನ್ನೆರಡು ಅಡಿಯ ಜಾಲಿಯ ಟೊಂಗೆಯೊಂದನ್ನು ಬಯಲಿನಲ್ಲಿ ಹುಗಿದಿದ್ದೆ. ಮರವಿಲ್ಲದ ಬಯಲಲ್ಲಿ ಕೂರಲು ಅದೊಂದೇ ಜಾಗ. ಮೊದಲು ಕಾಜಾಣ, ಆಮೇಲೆ ಪಿಕಳಾರಗಳು ಬಂದು ಕೂತವು. ಎರಡನೆಯ ಮಳೆಗೆ ಅದರ ಬುಡದಲ್ಲಿ ಕವಳಿ, ಬೇವು, ಜೊತೆಗೆ ಎರಡು ಶ್ರೀಗಂಧದ ಸಸಿ ಎದ್ದಿದ್ದವು! ಶ್ರೀಗಂಧ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಆಹಾರ ಹೀರುವ ಗಿಡ. ಅದನ್ನು ಚೀಲದಲ್ಲಿ ಒಂಟಿಯಾಗಿ ಬೆಳೆಸಲು ಹೋಗಿ ನಾನು ಎರಡು ಸಲ ಕೈಸುಟ್ಟುಕೊಂಡಿದ್ದೆ. ಹಕ್ಕಿ ಅದನ್ನು ಕವಳಿಯ ಮಗ್ಗುಲಲ್ಲೇ ಹಾಕಿತ್ತು. ಲಂಟಾನವನ್ನೂ ಅಷ್ಟೇ ಧಾರಾಳವಾಗಿ ಬಿತ್ತಿತ್ತು ಎನ್ನಿ. ಅದನ್ನು ಕೀಳುವುದಷ್ಟೇ ನನ್ನ ಪಾಲಿನ ಕೆಲಸ.

ಮಂಗಟ್ಟೆ ಇನ್ನೂ ಹಳೆಯ ಅತ್ತಿಯನ್ನು ಬಿಟ್ಟು ಬಂದಿಲ್ಲ. ಆದರೆ ಕಳೆದ ಮೇ ಕೊನೆಯಲ್ಲಿ ಬಂಡೆಯ ಮೇಲೆ ಪುನುಗು ಬೆಕ್ಕಿನ ಹಿಕ್ಕೆ ಕಂಡಿತು. ಕಡ್ಡಿಯಿಂದ ಬಿಡಿಸಿದರೆ ತುಂಬ ಕವಳಿಯ ಬೀಜ, ನಡುವೆ ಒಂದು ಇಲಿಯ ಹಲ್ಲು. ಮೂಗು ಮುಚ್ಚಿಕೊಂಡು ನಿಂತಿದ್ದ ನನ್ನ ಹೆಂಡತಿ, "ಇದಕ್ಕಾಗಿ ಎಂಟು ವರ್ಷ ಬಸ್ಸು ಹತ್ತಿ ಬಂದಿರಾ?" ಎಂದಳು. ಹೌದೆಂದೆ.

ಜಾಲಿಯ ಟೊಂಗೆಯ ಬುಡದಲ್ಲಿ ಈಗ ಕಾಲಿಡಲು ಜಾಗವಿಲ್ಲ. ಮಳೆಗೆ ಮುಂಚೆ ಅದನ್ನು ಕಿತ್ತು ಇಪ್ಪತ್ತು ಹೆಜ್ಜೆ ಆಚೆ, ಸುಟ್ಟುಹೋದ ಮೂಲೆಯಲ್ಲಿ ಹುಗಿಯಬೇಕು.